ದವಡೆಯ ಸ್ನಾಯುಗಳ ಬಿಳಿಯ ಹೊದಿಕೆ

ಅಡಕೆಯನ್ನು ಹೋಳು ಮಾಡುವ ಅಡಕತ್ತರಿ ನಮ್ಮ ನಾಡಿನ ಮನೆಗಳಿಗೆ ಹೊಸದಲ್ಲ. ಅದರ ಎರಡು ತೋಳುಗಳು ಒಂದು ತುದಿಯಲ್ಲಿ ಕೀಲಿನಿಂದ ಕೂಡಿಕೊಂಡಿವೆ. ಮತ್ತೊಂದು ತುದಿಯನ್ನು ನಾವು ಕೈಯಲ್ಲಿ ಹಿಡಿಯುತ್ತೇವೆ. ಅಡಕೆಯನ್ನಿಡುವುದು ಇವೆರಡರ ನಡುವೆ, ಕೀಲಿಗೆ ಸಮೀಪದಲ್ಲಿ. ಕೈ ಕೀಲಿನಿಂದ ದೂರದಲ್ಲಿಯೂ ಅಡಕೆ ಹತ್ತಿರದಲ್ಲಿಯೂ ಇರುವುದರಿಂದ ಅಲ್ಪ ಬಲದಿಂದಲೇ ಗಟ್ಟಿಯಾದ ಅಡಕೆ ಎರಡಾಗುತ್ತದೆ. ಸನ್ನೆಯ ತತ್ತ್ವವನ್ನು ಪಾಠದಲ್ಲಿ ಓದಿದವರಿಗೆ ಇದು ತಿಳಿದ ವಿಷಯವೇ.

ನಮ್ಮ ದವಡೆಯೂ ಒಂದು ಸನ್ನೆ. ಕಿವಿಯ ಮುಂಭಾಗದಲ್ಲಿ ಬೆರಳನ್ನಿಟ್ಟು ಬಾಯಿಯನ್ನು ತೆರೆದು ಮುಚ್ಚಿದರೆ ಅದರ ಕೀಲು ಚಲಿಸುವುದು ಬೆರಳಿಗೆ ತಿಳಿಯುತ್ತದೆ. ಆದರೆ ಅಡಕತ್ತರಿಗೂ ದವಡೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ದವಡೆಯಲ್ಲಿ ಬಲವನ್ನು ಪ್ರಯೋಗಿಸುವ ಸ್ನಾಯುಗಳೇ ಕೀಲಿಗೆ ಹತ್ತಿರದಲ್ಲಿವೆ. ಹಲ್ಲುಗಳು ಅವಕ್ಕಿಂತ ದೂರದಲ್ಲಿವೆ. ಆದುದರಿಂದ ಬಲದ ದೃಷ್ಟಿಯಿಂದ ಇಲ್ಲಿ ಲಾಭಕ್ಕೆ ಬದಲು ನಷ್ಟವೇ ಉಂಟು.

ಒಂದು ಸ್ಥೂಲ ಲೆಕ್ಕವನ್ನು ಹಾಕೋಣ. ಆರೋಗ್ಯವಂತನಾದ ವಯಸ್ಕನು ದವಡೆಹಲ್ಲುಗಳಿಂದ ಬಲವಾಗಿ ಕಚ್ಚಿದಾಗ ಸಾಮಾನ್ಯವಾಗಿ 400ರಿಂದ 700 ನ್ಯೂಟನ್ ಬಲ ಉಂಟಾಗುತ್ತದೆ. ಇದನ್ನು 500 ನ್ಯೂಟನ್, ಎಂದರೆ ಸುಮಾರು 50 ಕಿಲೋಗ್ರಾಂ ತೂಕ, ಎಂದಿಟ್ಟುಕೊಳ್ಳೋಣ. ಹಲ್ಲು ಕೀಲಿನಿಂದ 6 ಸೆಂಟಿಮೀಟರ್ ದೂರದಲ್ಲಿಯೂ, ಸ್ನಾಯುಗಳ ಒಟ್ಟು ಎಳೆತ 3.5 ಸೆಂಟಿಮೀಟರ್ ದೂರದಲ್ಲಿಯೂ ಇದ್ದರೆ, ಸ್ನಾಯುಗಳು ಒಟ್ಟಾಗಿ ಪ್ರಯೋಗಿಸಬೇಕಾದ ಬಲ ಸುಮಾರು 850 ನ್ಯೂಟನ್. ಪುಷ್ಟನಾದ ಒಬ್ಬ ಮನುಷ್ಯನನ್ನು ನೆಲದಿಂದ ಎತ್ತಿ ಹಿಡಿಯಲು ಇಷ್ಟು ಬಲ ಸಾಕು. ಊಟಕ್ಕೆ ಕುಳಿತವನ ಕೆನ್ನೆಯಲ್ಲಿ ಇಂತಹ ಶಕ್ತಿ ಅಡಗಿದೆಯೆಂದು ನಾವು ಯೋಚಿಸುವುದೇ ಇಲ್ಲ.

ಈ ಬಲವನ್ನು ಉಂಟುಮಾಡುವುದು ಸ್ನಾಯು. ಆದರೆ ಅದನ್ನು ಮೂಳೆಗೆ ಮುಟ್ಟಿಸುವುದು, ಅಗಲವಾಗಿ ಹಂಚುವುದು, ಎಲ್ಲೆ ಮೀರದಂತೆ ತಡೆದು ನಿಲ್ಲಿಸುವುದು, ಇವೆಲ್ಲ ಸ್ನಾಯುವನ್ನು ಸುತ್ತಿರುವ ಬಿಳಿಯ ನಾರಿನ ಹೊದಿಕೆಯ ಕೆಲಸ. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಇದು ಕಾಣಸಿಗದು. ಅಲ್ಲಿ ಸ್ನಾಯುಗಳನ್ನು ಕೆಂಪಾಗಿಯೂ ಸ್ವಚ್ಛವಾಗಿಯೂ ಒಂದರಿಂದ ಒಂದನ್ನು ಬೇರ್ಪಡಿಸಿಯೂ ತೋರಿಸಿರುತ್ತಾರೆ. ಹಾಗೆ ತೋರಿಸಬೇಕಾದರೆ ಮೊದಲು ಬಿಳಿಯ ಹೊದಿಕೆಯನ್ನು ಕತ್ತಿಯಿಂದ ಬಿಡಿಸಿ ತೆಗೆಯಲೇಬೇಕು. ಹೀಗೆ ಬಿಡಿಸಿ ಎಸೆದುದರಲ್ಲಿಯೇ ದವಡೆಯ ಯಂತ್ರದ ಅರ್ಧ ರಹಸ್ಯವಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಅದರ ಗುಣವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಹೀಗೆ: ಅದು ಒಂದು ಎಲ್ಲೆಯವರೆಗೆ ಸಡಿಲ, ಅಲ್ಲಿಂದಾಚೆಗೆ ಬಿಗಿ. ಈ ಎಲ್ಲೆ ತನ್ನ ಸ್ಥಾನದಲ್ಲಿರುವವರೆಗೆ ನಾವು ಸುಖವಾಗಿ ಉಣ್ಣುತ್ತೇವೆ, ಮಾತನಾಡುತ್ತೇವೆ. ಎಲ್ಲೆ ಜಾರಿದರೆ ಬಾಯಿಯೇ ಮುಚ್ಚಿಹೋಗಬಹುದು.

ಹೊದಿಕೆಯೊಳಗೆ ಹೊದಿಕೆ

ಜಗಿಯುವ ಸ್ನಾಯುಗಳು ಮುಖದ ಪ್ರತಿ ಪಾರ್ಶ್ವದಲ್ಲಿ ನಾಲ್ಕು. ಹಲ್ಲು ಕಚ್ಚಿದಾಗ ಕೆನ್ನೆಯ ಹಿಂಭಾಗದಲ್ಲಿ ಗಟ್ಟಿಯಾಗಿ ಉಬ್ಬುವುದು ಮ್ಯಾಸಿಟರ್. ಅದೇ ಸಮಯದಲ್ಲಿ ಕಣತಲೆಯ ಮೇಲೆ ಬೆರಳಿಟ್ಟರೆ ಚಲಿಸುವುದು ಬೀಸಣಿಗೆಯಾಕಾರದ ಟೆಂಪೊರಾಲಿಸ್; ಇದನ್ನು ನಾವು ಕಣತಲೆಯ ಸ್ನಾಯು ಎಂದು ಕರೆಯೋಣ. ಉಳಿದ ಎರಡು, ಒಳ ಟೆರಿಗಾಯ್ಡ್ ಮತ್ತು ಹೊರ ಟೆರಿಗಾಯ್ಡ್, ದವಡೆಯ ಒಳಬದಿಯಲ್ಲಿ ಮರೆಯಾಗಿವೆ. ಮೊದಲ ಮೂರು ಬಾಯಿಯನ್ನು ಮುಚ್ಚುತ್ತವೆ. ಹೊರ ಟೆರಿಗಾಯ್ಡ್ ದವಡೆಯನ್ನು ಮುಂದಕ್ಕೆಳೆದು ಬಾಯಿ ತೆರೆಯುವುದಕ್ಕೆ ನೆರವಾಗುತ್ತದೆ.

ಸ್ನಾಯುವಿನ ಒಳರಚನೆಯನ್ನು ತಿಳಿಯಲು ಒಂದು ಕಿತ್ತಳೆ ಹಣ್ಣನ್ನು ಸುಲಿದು ನೋಡಿದರೆ ಸಾಕು. ಹಣ್ಣಿಗೆಲ್ಲ ಒಂದು ಹೊರಸಿಪ್ಪೆ. ಒಳಗೆ ಪ್ರತಿಯೊಂದು ತೊಳೆಗೂ ಒಂದು ತೆಳುವಾದ ಪೊರೆ. ತೊಳೆಯನ್ನು ಬಿಡಿಸಿದರೆ ರಸ ತುಂಬಿದ ಪ್ರತಿಯೊಂದು ಎಸಳಿಗೂ ಇನ್ನೂ ತೆಳುವಾದ ಮತ್ತೊಂದು ಪೊರೆ. ಸ್ನಾಯುವೂ ಹೀಗೆಯೇ. ಇಡೀ ಸ್ನಾಯುವಿಗೆ ಒಂದು ಹೊದಿಕೆ, ಅದರೊಳಗಿನ ಎಳೆಗಳ ಕಟ್ಟುಗಳಿಗೆ ಒಂದೊಂದು ಹೊದಿಕೆ, ಪ್ರತಿಯೊಂದು ಎಳೆಗೂ ಮತ್ತೊಂದು. ಈ ಮೂರು ಹೊದಿಕೆಗಳು ಒಂದರೊಡನೊಂದು ಬೆಸೆದುಕೊಂಡಿವೆ. ಸ್ನಾಯುವಿನ ತುದಿಯಲ್ಲಿ ಕೆಂಪು ಎಳೆಗಳು ಮುಗಿದುಹೋಗುತ್ತವೆ. ಬಿಳಿಯ ಹೊದಿಕೆಗಳು ಮಾತ್ರ ಮುಂದುವರಿದು, ಒಟ್ಟುಗೂಡಿ, ಸ್ನಾಯುರಜ್ಜುವಾಗಿ ಮೂಳೆಯನ್ನು ಸೇರುತ್ತವೆ. ಆದುದರಿಂದ ಕೆಂಪು ಎಳೆ ಮೂಳೆಯನ್ನು ನೇರವಾಗಿ ಎಳೆಯುವುದಿಲ್ಲ. ಅದು ತನ್ನ ಹೊದಿಕೆಯನ್ನು ಎಳೆಯುತ್ತದೆ. ಹೊದಿಕೆ ಮೂಳೆಯನ್ನು ಎಳೆಯುತ್ತದೆ.

ಒಂದೊಂದು ಸ್ನಾಯುವಿನ ಹೊರಗೆ, ಕೆಲವೆಡೆ ಹಲವು ಸ್ನಾಯುಗಳನ್ನು ಒಟ್ಟಾಗಿ ಸುತ್ತಿ, ಇನ್ನೂ ದಪ್ಪನಾದ ನಾರುಪೊರೆಗಳಿವೆ. ವೈದ್ಯರು ಇವನ್ನು ಫ್ಯಾಸಿಯ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಪಟ್ಟಿ ಎಂದು ಅರ್ಥ. ಸ್ನಾಯುರಜ್ಜು, ನಾರುಪೊರೆ, ಮೂಳೆಗಳನ್ನು ಬಿಗಿಯುವ ಕಟ್ಟು, ಇವೆಲ್ಲವೂ ಸಂಯೋಜಕ ಅಂಗಾಂಶದ ನಾನಾ ರೂಪಗಳೇ ಆಗಿವೆ.

ಮೂರೆಳೆಯ ಹಗ್ಗ

ಈ ಅಂಗಾಂಶದ ಬಲವೆಲ್ಲ ಕಾಲಜನ್ ಎಂಬ ಪ್ರೋಟೀನಿನದು. ಇದರ ಅಣುವು ಸುಮಾರು 300 ನ್ಯಾನೊಮೀಟರ್ ಉದ್ದವಾಗಿಯೂ ಕೇವಲ 1.5 ನ್ಯಾನೊಮೀಟರ್ ದಪ್ಪವಾಗಿಯೂ ಇದೆ. ಅಂದರೆ ದಪ್ಪಕ್ಕಿಂತ ಉದ್ದ ಇನ್ನೂರು ಪಟ್ಟು. ಅದರ ರಚನೆಯನ್ನು ಬಿಡಿಸುವುದರಲ್ಲಿ ನಮ್ಮ ದೇಶದ ಭೌತವಿಜ್ಞಾನಿಯೊಬ್ಬರ ಪಾತ್ರ ಹಿರಿದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ಮದರಾಸು ವಿಶ್ವವಿದ್ಯಾನಿಲಯದಲ್ಲಿ ಗೋಪೀನಾಥ ಕರ್ತಾ ಅವರೊಡನೆ ಕಾಂಗರೂವಿನ ಬಾಲದ ರಜ್ಜುವಿನ ಮೂಲಕ ಎಕ್ಸ್‌ಕಿರಣಗಳನ್ನು ಹಾಯಿಸಿ ಅಧ್ಯಯನ ಮಾಡಿದರು. ಕಾಲಜನ್ ಅಣುವಿನಲ್ಲಿ ಮೂರು ಸರಪಳಿಗಳು ಹಗ್ಗದಂತೆ ಹೆಣೆದುಕೊಂಡಿವೆ ಎಂದು ಅವರು 1954ರಲ್ಲಿ ಸೂಚಿಸಿದರು. ಮರುವರ್ಷ ಆ ರಚನೆಯನ್ನು ಪರಿಷ್ಕರಿಸಿದರು. ರಾಮಚಂದ್ರನ್ ಅವರು 1971ರಲ್ಲಿ ಬೆಂಗಳೂರಿಗೆ ಮರಳಿ ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಜ್ಞಾನದ ವಿಭಾಗವನ್ನು ಕಟ್ಟಿದರು.

ತೆಂಗಿನ ನಾರಿನ ಹಗ್ಗವನ್ನು ಹೊಸೆಯುವವರು ಎಳೆಗಳನ್ನು ಹುರಿಯಾಗಿಯೂ ಹುರಿಗಳನ್ನು ಹಗ್ಗವಾಗಿಯೂ ಮಾಡುತ್ತಾರಷ್ಟೆ. ಹಾಗೆಯೇ ಕಾಲಜನ್ ಅಣುಗಳು ಒಂದರ ಪಕ್ಕದಲ್ಲೊಂದು ಜೋಡಿಸಿಕೊಂಡು ಎಳೆಗಳಾಗುತ್ತವೆ, ಎಳೆಗಳು ಕಟ್ಟುಗಳಾಗುತ್ತವೆ. ಪಕ್ಕದ ಅಣುಗಳು ಒಂದರ ಮೇಲೊಂದು ಜಾರದಂತೆ ಅವುಗಳ ನಡುವೆ ರಾಸಾಯನಿಕ ಅಡ್ಡಕೊಂಡಿಗಳಿವೆ. ಕೊಂಡಿಗಳು ತೀರ ಕಡಿಮೆಯಾದರೆ ಹಗ್ಗಕ್ಕೆ ಬಲವಿಲ್ಲ. ಮಿತಿಮೀರಿದರೆ ಅದು ಬಾಗದ ಕೋಲಾಗುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಇದರ ಅಗತ್ಯ ಬೀಳುತ್ತದೆ.

ಹೀಗೆ ಹೊಸೆದ ರಜ್ಜುವಿನ ಬಲ ಅಚ್ಚರಿ ಹುಟ್ಟಿಸುವಂತಹುದು. ಒಂದು ಚದರ ಸೆಂಟಿಮೀಟರ್ ಅಡ್ಡಕೊಯ್ತವುಳ್ಳ ಸ್ನಾಯುರಜ್ಜುವಿನಿಂದ 500 ಕಿಲೋಗ್ರಾಂ ತೂಕವನ್ನು ತೂಗುಹಾಕಬಹುದು. ಆದರೆ ಬಲಕ್ಕಿಂತಲೂ ಮುಖ್ಯವಾದುದು ಅದು ಹಿಗ್ಗುವ ರೀತಿ. ರಬ್ಬರನ್ನು ಎಳೆದರೆ ಅದು ಎರಡು ಮೂರು ಪಟ್ಟು ಉದ್ದವಾಗುತ್ತದೆ. ಉಕ್ಕಿನ ತಂತಿ ಮೊದಲಿನಿಂದಲೇ ಪ್ರತಿರೋಧಿಸುತ್ತದೆ. ಕಾಲಜನ್ನಿನ ರೀತಿ ಇವೆರಡಕ್ಕಿಂತಲೂ ಬೇರೆ. ವಿಶ್ರಾಂತಿಯಲ್ಲಿರುವಾಗ ಅದರ ಎಳೆಗಳು ಅಲೆ ಅಲೆಯಾಗಿ ಸುಕ್ಕುಗಟ್ಟಿರುತ್ತವೆ. ಎಳೆದಾಗ ಮೊದಲು ಸುಕ್ಕು ಬಿಚ್ಚುತ್ತದೆ. ಆಗ ಪ್ರತಿರೋಧ ಅಲ್ಪ. ಸುಕ್ಕೆಲ್ಲ ಬಿಚ್ಚಿದ ಮೇಲೆ ಎಳೆಗಳು ಒಮ್ಮೆಲೇ ಬಿಗಿದು ನಿಲ್ಲುತ್ತವೆ. ರಜ್ಜುವನ್ನು ಅದರ ಉದ್ದದ ನೂರಕ್ಕೆ ಸುಮಾರು ಹತ್ತು ಪಾಲಿಗಿಂತ ಹೆಚ್ಚು ಹಿಗ್ಗಿಸಿದರೆ ಎಳೆಗಳು ಹರಿಯತೊಡಗುತ್ತವೆ.

ಹಾಗಾದರೆ ಬಾಯಿ ಇಷ್ಟು ಅಗಲವಾಗಿ ತೆರೆಯುವುದು ಹೇಗೆ? ಇದನ್ನು ಒಂದು ಕರವಸ್ತ್ರದಿಂದ ಅರಿಯಬಹುದು. ಕರವಸ್ತ್ರವನ್ನು ನೂಲಿನ ದಿಕ್ಕಿನಲ್ಲಿ ಎಳೆಯಿರಿ, ಅದು ಹಿಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆಯಿರಿ, ಚೆನ್ನಾಗಿ ಹಿಗ್ಗುತ್ತದೆ. ನೂಲುಗಳು ಉದ್ದವಾಗಲಿಲ್ಲ, ತಮ್ಮ ದಿಕ್ಕನ್ನು ಬದಲಿಸಿದವು, ಅಷ್ಟೆ. ಕೆನ್ನೆಯ ಸಡಿಲವಾದ ಪದರಗಳಲ್ಲಿ ಕಾಲಜನ್ ಎಳೆಗಳು ಹೀಗೆ ಜಾಲರಿಯಂತಿವೆ. ಅವನ್ನು ಪುನಃ ಮೊದಲಿನ ಸ್ಥಾನಕ್ಕೆ ತರಲು ಇಲಾಸ್ಟಿನ್ ಎಂಬ ಹಿಗ್ಗುವ ನಾರುಗಳೂ ಜೊತೆಗಿವೆ. ಮ್ಯಾಸಿಟರಿಗೂ ಕೆನ್ನೆಯ ಒಳಪದರಕ್ಕೂ ನಡುವೆ ಕೊಬ್ಬಿನ ಒಂದು ಗದ್ದುಗೆಯಿದ್ದು, ಒಂದು ಇನ್ನೊಂದರ ಮೇಲೆ ಉಜ್ಜದೆ ಜಾರಲು ನೆರವಾಗುತ್ತದೆ.

ಕಮಾನನ್ನು ಮೇಲಿನಿಂದ ಹಿಡಿದ ಹಾಳೆ

ಈಗ ಯಂತ್ರದ ಒಂದು ಭಾಗವನ್ನು ಸಮೀಪದಿಂದ ನೋಡೋಣ. ಕಣ್ಣಿನ ಹೊರತುದಿಯ ಕೆಳಗಿನಿಂದ ಕಿವಿಯವರೆಗೆ ಬೆರಳಾಡಿಸಿದರೆ ಅಡ್ಡಲಾಗಿ ಒಂದು ಮೂಳೆ ಸಿಗುತ್ತದೆ. ಇದು ಕೆನ್ನೆಯ ಕಮಾನು. ಮುಂದಿನಿಂದ ಕೆನ್ನೆಯ ಮೂಳೆಯೂ ಹಿಂದಿನಿಂದ ಕಣತಲೆಯ ಮೂಳೆಯೂ ಒಂದೊಂದು ತೆಳುವಾದ ಕೈಯನ್ನು ಚಾಚಿ ನಡುವೆ ಕೂಡಿದ್ದರಿಂದ ಇದು ಆಗಿದೆ. ಇದರ ಒಳಗೆ ತಲೆಬುರುಡೆಯ ಗೋಡೆಗೂ ಇದಕ್ಕೂ ನಡುವೆ ತೆರಪಿದೆ. ಕಣತಲೆಯ ಸ್ನಾಯು ಆ ತೆರಪಿನ ಮೂಲಕ ಕೆಳಗಿಳಿದು ದವಡೆಯನ್ನು ಸೇರುತ್ತದೆ. ಮ್ಯಾಸಿಟರ್ ಸ್ನಾಯು ಹುಟ್ಟುವುದು ಈ ಕಮಾನಿನ ಕೆಳಅಂಚಿನಿಂದಲೇ.

ನ್ಯೂಟನ್ನನ ಮೂರನೆಯ ನಿಯಮವನ್ನು ಇಲ್ಲಿ ಅನ್ವಯಿಸೋಣ. ಮ್ಯಾಸಿಟರ್ ದವಡೆಯನ್ನು ಮೇಲಕ್ಕೆ ಎಷ್ಟು ಬಲದಿಂದ ಎಳೆಯುತ್ತದೆಯೋ ಅಷ್ಟೇ ಬಲದಿಂದ ಕಮಾನನ್ನು ಕೆಳಕ್ಕೆ ಎಳೆಯುತ್ತದೆ. ನಾವು ಲೆಕ್ಕ ಹಾಕಿದ 850 ನ್ಯೂಟನ್ನಿನಲ್ಲಿ ಅರ್ಧ ಪಾಲು ಎರಡು ಪಾರ್ಶ್ವಗಳ ಮ್ಯಾಸಿಟರುಗಳದೆಂದು ಇಟ್ಟುಕೊಂಡರೆ, ಒಂದೊಂದು ಕಮಾನಿನ ಮೇಲೆ ಬೀಳುವುದು 200 ನ್ಯೂಟನ್ನಿಗೂ ಮಿಕ್ಕ ಬಲ; ನೀರು ತುಂಬಿದ ದೊಡ್ಡ ಕೊಡಗಳೆರಡನ್ನು ಅದಕ್ಕೆ ತೂಗುಹಾಕಿದಂತೆ. ಎರಡು ತುದಿಗಳಲ್ಲಿ ಮಾತ್ರ ಆಧಾರವುಳ್ಳ ತೆಳುವಾದ ತೊಲೆಯ ನಡುವೆ ಭಾರವನ್ನು ಹೇರಿದರೆ ಅದು ಬಾಗುತ್ತದೆಂಬುದು ಎಲ್ಲರೂ ಬಲ್ಲ ವಿಷಯ. ಪ್ರತಿದಿನ ಸಹಸ್ರಾರು ಬಾರಿ ಬಾಗಿಯೂ ಈ ಮೂಳೆ ಹೇಗೆ ಉಳಿದಿದೆ?

ಉತ್ತರ ಕಮಾನಿನ ಮೇಲಂಚಿನಲ್ಲಿದೆ. ಕಣತಲೆಯ ಸ್ನಾಯುವಿನ ಮೇಲೆ ಒಂದು ಗಟ್ಟಿಯಾದ ನಾರುಹಾಳೆಯನ್ನು ಹೊದಿಸಿದೆ. ಅದರ ಮೇಲಿನ ಅಂಚು ತಲೆಬುರುಡೆಯ ಪಕ್ಕದಲ್ಲಿ ಬಿಲ್ಲಿನಂತೆ ಬಾಗಿದ ಒಂದು ಏಣಿನ ಉದ್ದಕ್ಕೂ ಅಂಟಿಕೊಂಡಿದೆ. ಕೆಳಗೆ ಅದು ಎರಡು ಪದರಗಳಾಗಿ ಸೀಳಿ, ನಡುವೆ ಒಂದಿಷ್ಟು ಕೊಬ್ಬನ್ನು ಇರಿಸಿಕೊಂಡು, ಕಮಾನಿನ ಮೇಲಂಚನ್ನು ಒಳಗಿನಿಂದಲೂ ಹೊರಗಿನಿಂದಲೂ ಹಿಡಿದಿದೆ. ಮಲೆನಾಡಿನ ಹೊಳೆಗಳ ಮೇಲೆ ಹಾಕಿರುವ ತೂಗುಸೇತುವೆಗಳನ್ನು ವಾಚಕರು ನೋಡಿರಬಹುದು. ಅಲ್ಲಿ ನಡೆಯುವ ಹಲಗೆಗಳು ತೆಳುವಾಗಿದ್ದರೂ ಮುರಿಯುವುದಿಲ್ಲ; ಮೇಲಿನ ಹಗ್ಗಗಳು ಉದ್ದಕ್ಕೂ ಅವನ್ನು ಎತ್ತಿ ಹಿಡಿದಿರುತ್ತವೆ. ಕೆನ್ನೆಯ ಕಮಾನಿಗೆ ಈ ನಾರುಹಾಳೆಯೇ ಹಗ್ಗ.

ಇಲ್ಲಿ ಮತ್ತೊಂದು ಸೊಗಸಿದೆ. ಬಟ್ಟೆ ಒಣಗಿಸುವ ತಂತಿಯನ್ನು ನಡುವೆ ಹಿಡಿದು ಸ್ವಲ್ಪವೇ ಪಕ್ಕಕ್ಕೆ ತಳ್ಳಿದರೂ ಅದರ ಬಿಗಿತ ಬಹಳವಾಗಿ ಏರುತ್ತದೆ. ಕಣತಲೆಯ ಸ್ನಾಯು ಸಂಕುಚಿಸಿದಾಗ ಉಬ್ಬಿ ತನ್ನ ಮೇಲಿನ ಹಾಳೆಯನ್ನು ಹೊರಕ್ಕೆ ತಳ್ಳುತ್ತದೆ. ಹಾಳೆ ಬಿಗಿಯಾಗಿ ಕಮಾನನ್ನು ಮೇಲಕ್ಕೆಳೆಯುತ್ತದೆ. ಗಟ್ಟಿಯಾಗಿ ಕಚ್ಚುವಾಗ ಕಣತಲೆಯ ಸ್ನಾಯುವೂ ಮ್ಯಾಸಿಟರೂ ಒಟ್ಟಿಗೇ ಕೆಲಸ ಮಾಡುವುದರಿಂದ, ಕಮಾನಿಗೆ ಹೊರೆ ಬೀಳುವ ಕ್ಷಣದಲ್ಲಿಯೇ ಆಸರೆಯೂ ಒದಗುತ್ತದೆ. ಮಕಾಕ್ ಜಾತಿಯ ಕೋತಿಯೊಂದರ ತಲೆಬುರುಡೆಯನ್ನು ಗಣಕಯಂತ್ರದಲ್ಲಿ ಅಸಂಖ್ಯ ಸಣ್ಣ ತುಣುಕುಗಳಾಗಿ ವಿಭಜಿಸಿ ನಡೆಸಿದ ಲೆಕ್ಕಾಚಾರವೊಂದು 2011ರಲ್ಲಿ ಪ್ರಕಟವಾಯಿತು. ನಾರುಹಾಳೆಯ ಎಳೆತವನ್ನು ಲೆಕ್ಕಕ್ಕೆ ಸೇರಿಸಿದಾಗ ಕಮಾನಿನ ಬಾಗುವಿಕೆ ಗಣನೀಯವಾಗಿ ತಗ್ಗಿತು. ಹೊದಿಕೆಯೆಂದು ಬಿಡಿಸಿ ಎಸೆದುದು ಯಂತ್ರದ ಒಂದು ಅಂಗವೇ ಆಗಿದ್ದಿತು!

ಈ ಹಾಳೆಯ ಗಟ್ಟಿತನವನ್ನು ಶಸ್ತ್ರವೈದ್ಯರು ಬೇರೊಂದು ರೀತಿಯಲ್ಲಿಯೂ ಬಳಸಿಕೊಂಡಿದ್ದಾರೆ. ತಮಟೆ ತೂತಾದ ಕಿವಿಗೆ ತೇಪೆ ಹಾಕಲು ಅವರು ಹೆಚ್ಚಾಗಿ ಆರಿಸುವುದು ಕಿವಿಯ ಮೇಲ್ಭಾಗದಿಂದ ತೆಗೆದ ಇದೇ ನಾರುಪೊರೆಯ ತುಣುಕನ್ನು.

ಗೋಡೆ, ಕೋಣೆ, ಒತ್ತಡ

ಕೆಳದವಡೆಯ ಮೂಲೆಯಲ್ಲಿ ಹೊರಗಿನಿಂದ ಮ್ಯಾಸಿಟರೂ ಒಳಗಿನಿಂದ ಒಳ ಟೆರಿಗಾಯ್ಡೂ ಬಂದು ಸೇರುತ್ತವೆ. ಮಗುವನ್ನು ಮಲಗಿಸಿದ ಜೋಲಿಯಂತೆ ಇವೆರಡೂ ದವಡೆಯ ಮೂಲೆಯನ್ನು ಎತ್ತಿ ಹಿಡಿದಿವೆ. ಕತ್ತಿನಿಂದ ಮೇಲೇರಿ ಬರುವ ಆಳದ ನಾರುಪೊರೆಯು ದವಡೆಯ ಕೆಳಅಂಚಿನಲ್ಲಿ ಎರಡಾಗಿ ಸೀಳಿ, ಒಂದು ಪದರ ಮ್ಯಾಸಿಟರಿನ ಹೊರಗೂ ಮತ್ತೊಂದು ಒಳ ಟೆರಿಗಾಯ್ಡಿನ ಒಳಗೂ ಹರಡಿ, ಇಡೀ ಜೋಲಿಯನ್ನು ಒಂದು ಚೀಲದಲ್ಲಿಟ್ಟಂತೆ ಮಾಡಿದೆ. ಕಣತಲೆಯ ಸ್ನಾಯುವಿನ ರಜ್ಜುವೂ ಈ ಚೀಲದೊಳಗೇ ಬಂದಿಳಿಯುತ್ತದೆ.

ಇದೇ ಕತ್ತಿನ ಪೊರೆ ಕಿವಿಯ ಕೆಳಗಿರುವ ಪೆರೋಟಿಡ್ ಎಂಬ ಜೊಲ್ಲಿನ ಗ್ರಂಥಿಯನ್ನೂ ಸುತ್ತಿ ಮ್ಯಾಸಿಟರಿನ ಮೇಲೆ ಮುಂದುವರಿದಿದೆ. ಹಿಗ್ಗದ ಚೀಲದಲ್ಲಿ ಊತ ಬಂದರೆ ಏನಾಗುವುದೆಂಬುದನ್ನು ಮಂಗನಬಾವು ಬಂದ ಮಕ್ಕಳು ಬಲ್ಲರು. ಗ್ರಂಥಿ ಉಬ್ಬುತ್ತದೆ, ಪೊರೆ ಜಾಗ ಕೊಡುವುದಿಲ್ಲ, ಒಳಗಿನ ಒತ್ತಡ ಏರುತ್ತದೆ. ನೋವಿನ ಬಹುಭಾಗ ಈ ಒತ್ತಡದ್ದು. ಬಾಯಿ ತೆರೆದಾಗ ದವಡೆಯ ಹಿಂಬದಿ ಗ್ರಂಥಿಯನ್ನು ಇನ್ನಷ್ಟು ಒತ್ತುವುದರಿಂದ ಒಂದು ತುತ್ತು ತಿನ್ನುವುದೂ ಕಷ್ಟವಾಗುತ್ತದೆ.

ಇದಕ್ಕಿಂತ ಗಂಭೀರವಾದುದು ಹಲ್ಲಿನಿಂದ ಬರುವ ಕೀವು. ಕಾಲೇಜಿಗೆ ಸೇರುವ ವಯಸ್ಸಿನಲ್ಲಿ ಹುಟ್ಟುವ ಕೆಳಗಿನ ಬುದ್ಧಿಹಲ್ಲು ಅನೇಕರಲ್ಲಿ ಓರೆಯಾಗಿ ಅರ್ಧ ಮಾತ್ರ ಹೊರಬರುತ್ತದೆ. ಅದರ ಸುತ್ತ ಸೋಂಕು ಸೇರಿದರೆ ಪಕ್ಕದಲ್ಲಿಯೇ ಇರುವ ಜಗಿಯುವ ಸ್ನಾಯುಗಳ ಚೀಲಕ್ಕೆ ಅದು ಹರಡಬಹುದು. ಆಗ ಸ್ನಾಯುಗಳು ಕೆರಳಿ ಸೆಟೆದುಕೊಳ್ಳುತ್ತವೆ. ಬಾಯಿ ಒಂದು ಬೆರಳಿನಷ್ಟೂ ತೆರೆಯದಂತಾಗುತ್ತದೆ. ಹೊರಗಿನಿಂದ ಊತ ಅಷ್ಟಾಗಿ ಕಾಣದಿರಲೂಬಹುದು, ಏಕೆಂದರೆ ಗಟ್ಟಿಪೊರೆ ಅದನ್ನು ಮರೆಮಾಡಿರುತ್ತದೆ. ಆದುದರಿಂದ ಹಲ್ಲುನೋವಿನ ಜೊತೆ ದವಡೆ ಕಟ್ಟಿದರೆ ಅದನ್ನು ಅಲಕ್ಷಿಸಬಾರದು.

ಪೊರೆಗಳು ಗೋಡೆಗಳಾಗಿ ಸೋಂಕನ್ನು ತಡೆಯುತ್ತವೆ, ನಿಜ. ಆದರೆ ಎರಡು ಗೋಡೆಗಳ ನಡುವೆ ಓಣಿಯೂ ಇರುತ್ತದೆ. ಒತ್ತಡಕ್ಕೆ ಸಿಕ್ಕಿದ ದ್ರವ ಕಡಿಮೆ ಪ್ರತಿರೋಧವುಳ್ಳ ದಾರಿಯನ್ನು ಹುಡುಕುತ್ತದೆಯೆಂಬ ನಿಯಮ ಕೀವಿಗೂ ಅನ್ವಯಿಸುತ್ತದೆ. ಅದು ಗದ್ದದ ಕೆಳಗೆ, ಗಂಟಲಿನ ಪಕ್ಕಕ್ಕೆ, ಅಲ್ಲಿಂದ ಎದೆಯ ಗೂಡಿಗೂ ಇಳಿಯಬಹುದು. ನಾಲಗೆಯ ತಳವೂ ಗದ್ದದ ಕೆಳಭಾಗವೂ ಹೀಗೆ ಬಾತು ಉಸಿರಿನ ದಾರಿಯನ್ನೇ ಮುಚ್ಚುವ ಸ್ಥಿತಿಯನ್ನು ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವಿವರಿಸಿದನು. ಅದಕ್ಕೆ ಅವನ ಹೆಸರೇ ಉಳಿದಿದೆ. ಪ್ರತಿಜೀವಕ ಔಷಧಿಗಳು ಬರುವುದಕ್ಕೆ ಮೊದಲು ಇದಕ್ಕೆ ತುತ್ತಾದವರಲ್ಲಿ ಬಹುಮಂದಿ ಉಳಿಯುತ್ತಿರಲಿಲ್ಲ. ಹುಳುಕು ಹಲ್ಲು ಸಣ್ಣ ವಿಷಯವಲ್ಲವೆಂದು ದಂತವೈದ್ಯರು ಎಚ್ಚರಿಸುವುದು ಇದಕ್ಕಾಗಿಯೇ.

ಧನುರ್ವಾಯುವಿನಲ್ಲಿಯೂ ದವಡೆ ಕಟ್ಟುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ಹೊದಿಕೆಯ ದೋಷವಿಲ್ಲ. ರೋಗಾಣುವಿನ ವಿಷ ನರಗಳ ಮೇಲೆ ವರ್ತಿಸಿ ಸ್ನಾಯುವನ್ನು ಸಡಿಲಗೊಳ್ಳಲು ಬಿಡುವುದಿಲ್ಲ. ಹೀಗೆ ಸ್ನಾಯುವಿನ ಸೆಟೆತದಿಂದ ಬಾಯಿ ಮುಚ್ಚುವುದು ಒಂದು ಬಗೆ. ಚೀಲದೊಳಗಿನ ಸೋಂಕಿನಿಂದ ಮುಚ್ಚುವುದು ಇನ್ನೊಂದು ಬಗೆ. ಹೊದಿಕೆಯ ಬಟ್ಟೆಯೇ ಕೆಟ್ಟು ಮುಚ್ಚುವ ಮೂರನೆಯ ಬಗೆಯೊಂದಿದೆ. ನಮ್ಮ ದೇಶದ ತರುಣರಿಗೆ ಸಂಬಂಧಿಸಿದುದು ಇದೇ.

ಸಡಿಲು ಕಳೆದುಹೋದಾಗ

ಕನ್ನಡಿಯ ಮುಂದೆ ಬಾಯಿಯನ್ನು ಅಗಲವಾಗಿ ತೆರೆದು ನೋಡಿದರೆ, ಕೊನೆಯ ಹಲ್ಲಿನ ಹಿಂದೆ ಮೇಲಿನಿಂದ ಕೆಳಕ್ಕೆ ಎದ್ದು ನಿಂತ ಒಂದು ಮಡಿಕೆ ಕಾಣುತ್ತದೆ. ಅದರೊಳಗೆ ಮೇಲ್ದವಡೆಯ ಹಿಂದಿನ ಒಂದು ಕೊಕ್ಕೆಯಿಂದ ಕೆಳದವಡೆಯವರೆಗೆ ಬಿಗಿದ ನಾರುಪಟ್ಟಿಯಿದೆ. ಮುಂದೆ ಕೆನ್ನೆಯ ತೆಳುಸ್ನಾಯುವಾದ ಬಕ್ಸಿನೇಟರ್, ಹಿಂದೆ ಗಂಟಲಿನ ಸ್ನಾಯು, ಎರಡೂ ಬಟ್ಟೆಯ ಎರಡು ತುಂಡುಗಳು ಹೊಲಿಗೆಯಲ್ಲಿ ಸೇರುವಂತೆ ಇಲ್ಲಿ ಸೇರುತ್ತವೆ. ಬಕ್ಸಿನೇಟರ್ ಎಂದರೆ ಲ್ಯಾಟಿನ್ನಿನಲ್ಲಿ ಕಹಳೆಯೂದುವವನು. ಊದುವಾಗ ಗಾಳಿಯನ್ನು ಒತ್ತುವುದೂ, ಜಗಿಯುವಾಗ ತುತ್ತನ್ನು ಹಲ್ಲುಗಳ ನಡುವೆ ತಳ್ಳುವುದೂ ಅದರ ಕೆಲಸ. ಬಾಯಿ ತೆರೆದಂತೆಲ್ಲ ಈ ಪಟ್ಟಿಯೂ ಕೆನ್ನೆಯ ಒಳಪದರವೂ ಹಿಗ್ಗಲೇಬೇಕು.

ಕೀನ್ಯದಲ್ಲಿದ್ದ ಐವರು ಭಾರತೀಯ ಮಹಿಳೆಯರ ಬಾಯಿಯಲ್ಲಿ ಈ ಪದರ ಬಿಳಿಚಿ ಗಡುಸಾಗಿದ್ದುದನ್ನು ಶ್ವಾರ್ಟ್ಸ್ ಎಂಬುವರು 1952ರಲ್ಲಿ ವರ್ಣಿಸಿದರು. ಮರುವರ್ಷ, 1953ರಲ್ಲಿ, ಮುಂಬಯಿಯ ಡಾ. ಜೋಷಿಯವರು ಇದೇ ರೋಗವನ್ನು ವಿವರಿಸಿ, ಒಳಪೊರೆಯ ಅಡಿಯಲ್ಲಿ ನಾರು ಬೆಳೆಯುವ ರೋಗವೆಂದು ಅದನ್ನು ಹೆಸರಿಸಿದರು. ಮೊದಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಕ್ರಮೇಣ ಕೆನ್ನೆಯ ಒಳಗೆ ಬೆರಳಿಗೆ ತಗಲುವ ಗಟ್ಟಿ ಪಟ್ಟಿಗಳು ಏಳುತ್ತವೆ. ನಾಲಗೆಯನ್ನು ಹೊರಚಾಚುವುದು, ಸಿಳ್ಳು ಹಾಕುವುದು, ದೀಪವನ್ನು ಊದಿ ಆರಿಸುವುದು ಕಷ್ಟವಾಗುತ್ತದೆ. ಮುಂದುವರಿದಂತೆ ಅಡಿಯಲ್ಲಿರುವ ಸ್ನಾಯುವೂ ಕ್ಷೀಣಿಸುತ್ತದೆ. ಕೊನೆಗೆ ತುತ್ತು ಹೋಗುವಷ್ಟೂ ಬಾಯಿ ತೆರೆಯದು.

ಇದಕ್ಕೆ ಮುಖ್ಯ ಕಾರಣ ಅಡಕೆಯನ್ನು ಅಗಿಯುವ ಅಭ್ಯಾಸವೆಂಬುದು ಈಗ ಸಿದ್ಧವಾಗಿದೆ. ಅಡಕೆಯಲ್ಲಿರುವ ಅರೆಕೊಲೀನ್ ಎಂಬ ವಸ್ತು ನಾರನ್ನು ತಯಾರಿಸುವ ಜೀವಕೋಶಗಳನ್ನು ಪ್ರಚೋದಿಸಿ ಕಾಲಜನ್ನನ್ನು ಹೆಚ್ಚಿಸುತ್ತದೆ. ಅಡಕೆಯಲ್ಲಿ ತಾಮ್ರದ ಅಂಶವೂ ಹೆಚ್ಚು. ಕಾಲಜನ್ ಅಣುಗಳ ನಡುವೆ ಅಡ್ಡಕೊಂಡಿಗಳನ್ನು ಹಾಕುವ ಕಿಣ್ವಕ್ಕೆ ತಾಮ್ರವೇ ಬೇಕಾದುದರಿಂದ ಅದರ ಚಟುವಟಿಕೆಯೂ ಏರುತ್ತದೆ. ನಾರು ಹೆಚ್ಚಿತು, ಕೊಂಡಿಗಳು ಮಿತಿಮೀರಿದವು. ಅಂತಹ ನಾರನ್ನು ದೇಹ ಸುಲಭವಾಗಿ ಕರಗಿಸಲಾರದು. ಕರವಸ್ತ್ರದ ನೂಲುಗಳನ್ನು ಪ್ರತಿಯೊಂದು ಹೆಣಿಗೆಯಲ್ಲಿಯೂ ಅಂಟಿನಿಂದ ಬೆಸೆದಂತಾಯಿತು. ಇನ್ನು ಯಾವ ಮೂಲೆಯಿಂದ ಎಳೆದರೇನು? ನಾವು ಹೇಳಿದ ಎಲ್ಲೆ ಜಾರಿ ಒಳಕ್ಕೆ ಬಂದಿತು. ಬಲವೆನಿಸಿದ್ದ ಗುಣವೇ ಇಲ್ಲಿ ಬಂಧನವಾಯಿತು.

ರೋಗ ಇಷ್ಟಕ್ಕೇ ನಿಲ್ಲದು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂತಹ 66 ರೋಗಿಗಳನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರಿಗೆ, ಎಂದರೆ ನೂರಕ್ಕೆ 7.6ರಷ್ಟು ಜನರಿಗೆ, ಬಾಯಿಯ ಕ್ಯಾನ್ಸರ್ ಬಂದಿತ್ತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಬೆರೆಸದ ಅಡಕೆಯೂ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುವೆಂದು ನಿರ್ಣಯಿಸಿತು. ಹೊಗೆಸೊಪ್ಪಿಲ್ಲ, ಆದುದರಿಂದ ಅಪಾಯವಿಲ್ಲ ಎಂದು ಬಗೆದು ಅಡಕೆಪುಡಿಯ ಸುವಾಸನೆಯ ಪೊಟ್ಟಣಗಳನ್ನು ಜೇಬಿನಲ್ಲಿಟ್ಟುಕೊಳ್ಳುವ ವಿದ್ಯಾರ್ಥಿಗಳು ಈ ಮಾತನ್ನು ಗಮನಿಸಬೇಕು.

ಭಾರತದಲ್ಲಿ ಅಡಕೆಯನ್ನು ಅತಿ ಹೆಚ್ಚಾಗಿ ಬೆಳೆಯುವ ರಾಜ್ಯ ಕರ್ನಾಟಕ. ತಾಂಬೂಲ ನಮ್ಮಲ್ಲಿ ಮಂಗಳದ ಗುರುತು; ಅನೇಕ ಮನೆಗಳ ಅನ್ನವೂ ಅಡಕೆಯ ತೋಟದಿಂದಲೇ ಬರುತ್ತದೆ. ಹೀಗಿರುವಾಗ ಇದನ್ನು ಬರೆಯುವುದು ನಮಗೆ ಹಿತವಾದ ಕೆಲಸವಲ್ಲ. ಆದರೆ ಕಾಲಜನ್ನಿನ ಅಣುವಿಗೆ ಮಂಗಳ ಅಮಂಗಳಗಳ ಭೇದವಿಲ್ಲ. ಒಮ್ಮೆ ಗಡುಸಾದ ಪದರ ತಾನಾಗಿ ಮೊದಲಿನಂತೆ ಆಗುವುದಿಲ್ಲ. ಅಭ್ಯಾಸವನ್ನು ಬಿಟ್ಟರೆ ರೋಗ ಮುಂದುವರಿಯುವುದನ್ನು ತಡೆಯುವ ಸಂಭವವುಂಟು. ವ್ಯಾಯಾಮ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆಗಳಿಂದ ಬಾಯಿಯನ್ನು ಒಂದಿಷ್ಟು ತೆರೆಸಬಹುದು. ಕಳೆದುಕೊಂಡ ಸಡಿಲನ್ನೆಲ್ಲ ಮರಳಿ ಪಡೆಯುವುದು ದುರ್ಲಭ.

ಮೂರು ಬೆರಳುಗಳ ಪರೀಕ್ಷೆ

ಪ್ರತಿಯೊಬ್ಬರೂ ಮಾಡಿನೋಡಬಹುದಾದ ಒಂದು ಸುಲಭ ಪರೀಕ್ಷೆಯನ್ನು ಹೇಳಿ ಮುಗಿಸುತ್ತೇವೆ. ತೋರುಬೆರಳು, ನಡುಬೆರಳು, ಉಂಗುರಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂಬಲ್ಲುಗಳ ನಡುವೆ ಇಡಿರಿ. ಆರೋಗ್ಯವಾದ ಬಾಯಿಯಲ್ಲಿ ಅವರವರ ಮೂರು ಬೆರಳುಗಳಿಗೆ ಸಾಮಾನ್ಯವಾಗಿ ಎಡೆಯಿರುತ್ತದೆ. ಅಳತೆಯಲ್ಲಿ ಇದು ಸುಮಾರು 40ರಿಂದ 50 ಮಿಲಿಮೀಟರ್. ಎಡೆ ಎರಡು ಬೆರಳಿಗಿಳಿದಿದ್ದರೆ, ಅಥವಾ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿದ್ದರೆ, ದಂತವೈದ್ಯರನ್ನು ಕಾಣುವುದಕ್ಕೆ ತಡಮಾಡಬಾರದು.

ಅಡಕತ್ತರಿಯ ಕೀಲು ತುಕ್ಕುಹಿಡಿದರೆ ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಸರಿಪಡಿಸಬಹುದು. ದವಡೆಯ ಬಿಳಿಯ ಹೊದಿಕೆಗೆ ಅಂತಹ ಎಣ್ಣೆ ಇನ್ನೂ ಸಿಕ್ಕಿಲ್ಲ. ಇರುವ ಸಡಿಲನ್ನು ಉಳಿಸಿಕೊಳ್ಳುವುದೊಂದೇ ನಮ್ಮ ಕೈಯಲ್ಲಿರುವ ಉಪಾಯ.